ಕಾರ್ಖಾನೆಗೆ ಯಾವ ಚಿಲ್ಲರ್? ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕಗಳು

ಕಾರ್ಖಾನೆಯ ಯಂತ್ರಗಳನ್ನು ತಂಪಾಗಿಡಲು ನೀರನ್ನು ತಣ್ಣಗೆ ಮಾಡಿಕೊಡುವ ಯಂತ್ರವೇ ಚಿಲ್ಲರ್. ಅದು ಬೇಕೆಂದು ವಿಚಾರಿಸಿದರೆ ಮಾರಾಟಗಾರರಿಂದ ಬರುವ ಮೊದಲ ಪ್ರಶ್ನೆ ‘ಎಷ್ಟು ಟನ್?’ ಎಂಬುದು. ಇಲ್ಲಿ ಟನ್ ಎಂದರೆ ತೂಕವಲ್ಲ, ತಂಪು ಮಾಡುವ ಸಾಮರ್ಥ್ಯದ ಅಳತೆ. ಬಹಳ ಕಡೆ ಇದಕ್ಕೆ ಉತ್ತರ ಅಂದಾಜಿನಲ್ಲೇ ಹೋಗುತ್ತದೆ: ಹಳೆಯದು 80 ಟನ್ ಇತ್ತು, ಹೊಸದು 100 ಇರಲಿ. ಆ ಒಂದು ಮಾತಿನ ಮೇಲೆ ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ವಿದ್ಯುತ್ ಬಿಲ್ಲು ನಿಂತಿರುತ್ತದೆ. ಟನ್ನಿನ ಮಾತಿಗೆ ಮುಂಚೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಯಾವ ಯಂತ್ರಕ್ಕೆ ಎಷ್ಟು ತಣ್ಣಗಿನ ನೀರು ಬೇಕು? ಅಲ್ಲಿಂದ ಎಷ್ಟು ಶಾಖ ತೆಗೆಯಬೇಕು? ತೆಗೆದ ಶಾಖವನ್ನು ಎಲ್ಲಿಗೆ ಬಿಡಬೇಕು? ಈ ಮೂರಕ್ಕೆ ಉತ್ತರ ಸಿಕ್ಕರೆ ಚಿಲ್ಲರ್ ಯಾವ ಬಗೆಯದಾಗಿರಬೇಕು ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಕ್ಯಾಟಲಾಗ್ ತೆರೆಯುವುದು ಆಮೇಲೆ.

ಹಂತ 1: ತಾಪಮಾನಗಳನ್ನು ಬೇರ್ಪಡಿಸಿ

ತಂಪು ಬೇಕಾದ ಪ್ರತಿಯೊಂದು ಯಂತ್ರದ ಹೆಸರು ಬರೆದು, ಅದರ ಮುಂದೆ ಆ ಯಂತ್ರ ತಯಾರಿಸಿದವರು ಹೇಳಿರುವ ನೀರಿನ ತಾಪಮಾನ ಬರೆಯಿರಿ. ರೂಢಿಯಲ್ಲಿ ನೀವು ಕೊಡುತ್ತಿರುವ ತಾಪಮಾನ ಬೇಡ, ನಿಜಕ್ಕೂ ಬೇಕಾದದ್ದು ಬೇಕು. ಈ ಪಟ್ಟಿ ಬರೆದಾಗಲೇ ಎಷ್ಟೋ ಕಡೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಪ್ಲಾಸ್ಟಿಕ್ ಅಚ್ಚಿನ ಘಟಕವನ್ನೇ ತೆಗೆದುಕೊಳ್ಳಿ. ಅಚ್ಚಿಗೆ ಸಾಮಾನ್ಯವಾಗಿ 10ರಿಂದ 15 ಡಿಗ್ರಿಯ ನೀರು ಬೇಕಾಗಬಹುದು. ಅದೇ ಯಂತ್ರದ ಹೈಡ್ರಾಲಿಕ್ ಎಣ್ಣೆ 40–45 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸಾಕು, ಅದನ್ನು ತಂಪು ಮಾಡಲು 30 ಡಿಗ್ರಿಯ ನೀರು ಧಾರಾಳವಾಯಿತು. ಎರಡಕ್ಕೂ ಒಂದೇ ಪೈಪಿನಿಂದ ಚಿಲ್ಲರ್ ನೀರು ಹರಿಸಿದರೆ ಎಣ್ಣೆಯ ಶಾಖವನ್ನೆಲ್ಲ ಚಿಲ್ಲರ್‌ನ ಕಂಪ್ರೆಸರ್ (ಶಾಖ ಹೊತ್ತು ಸುತ್ತುವ ಶೀತಕ ಅನಿಲವನ್ನು ಒತ್ತುವ ಭಾಗ) ಹೊರಬೇಕು. ಎಣ್ಣೆಯ ಭಾಗವನ್ನು ಕೂಲಿಂಗ್ ಟವರ್‌ಗೋ (ನೀರಿನ ಒಂದಂಶವನ್ನು ಗಾಳಿಗೆ ಆವಿಯಾಗಿಸಿ ಉಳಿದದ್ದನ್ನು ತಂಪು ಮಾಡುವ ಗೋಪುರ) ಡ್ರೈ ಕೂಲರ್‌ಗೋ (ಫ್ಯಾನಿನ ಗಾಳಿಯಿಂದಲೇ ತಂಪು ಮಾಡುವ ಸಾಧನ) ವರ್ಗಾಯಿಸಿದರೆ ಕೊಳ್ಳಬೇಕಾದ ಚಿಲ್ಲರ್ ಗಾತ್ರವೇ ಇಳಿಯುತ್ತದೆ. ಏರ್ ಕಂಪ್ರೆಸರ್, ಇಂಡಕ್ಷನ್ ಫರ್ನೇಸ್, ಜನರೇಟರ್ ಇವುಗಳಿಗೂ ಹೆಚ್ಚಿನ ಸಂದರ್ಭಗಳಲ್ಲಿ ಟವರ್ ನೀರೇ ಸಾಕಾಗುತ್ತದೆ.

ಟವರ್ ಎಷ್ಟು ತಣ್ಣಗಿನ ನೀರು ಕೊಡಬಲ್ಲದು ಎಂಬುದು ನಿಮ್ಮ ಊರಿನ ವೆಟ್ ಬಲ್ಬ್ ತಾಪಮಾನಕ್ಕೆ ಕಟ್ಟುಬಿದ್ದಿದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್‌ಗೆ ಗಾಳಿ ಬೀಸಿದಾಗ ಅದು ತೋರುವ ಅಂಕಿಯೇ ವೆಟ್ ಬಲ್ಬ್. ಒಳ್ಳೆಯ ಟವರ್ ಅದಕ್ಕಿಂತ 3–4 ಡಿಗ್ರಿ ಮೇಲಿನವರೆಗೆ ನೀರನ್ನು ತಂಪು ಮಾಡುತ್ತದೆ, ಅದಕ್ಕಿಂತ ಕೆಳಗೆ ಇಳಿಸುವುದು ಲಾಭದಾಯಕವಲ್ಲ. ವೆಟ್ ಬಲ್ಬ್ 24 ಇದ್ದರೆ ಟವರ್ ನೀರು 27–28 ಡಿಗ್ರಿ ಎಂದಿಟ್ಟುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಅದಕ್ಕಿಂತ ಬೆಚ್ಚಗಿನ ನೀರು ಸಾಕೆನ್ನುವ ಯಂತ್ರಗಳಿಗೆಲ್ಲ ಚಿಲ್ಲರ್ ಬೇಡ.

ಉಳಿದವುಗಳಲ್ಲೂ ಬೇಕಾದ್ದಕ್ಕಿಂತ ಹೆಚ್ಚು ತಣ್ಣಗೆ ಕೇಳಬೇಡಿ. ಚಿಲ್ಲರ್ ಮಾಡುವ ಕೆಲಸ ಬಾವಿಯಿಂದ ನೀರು ಸೇದಿದ ಹಾಗೆ: ತಳ ಆಳಕ್ಕೆ ಇಳಿದಷ್ಟೂ ಪ್ರತಿ ಕೊಡಕ್ಕೂ ಶ್ರಮ ಹೆಚ್ಚು. ಹೊರಬರುವ ನೀರಿನ ತಾಪಮಾನವನ್ನು 1 ಡಿಗ್ರಿ ಏರಿಸಿದರೆ ಕಂಪ್ರೆಸರ್‌ನ ವಿದ್ಯುತ್ ಸುಮಾರು 2–3% ಉಳಿಯುತ್ತದೆ. ಹತ್ತು ಯಂತ್ರಗಳಿಗೆ 14 ಡಿಗ್ರಿ ಸಾಕು, ಒಂದಕ್ಕೆ ಮಾತ್ರ 5 ಡಿಗ್ರಿ ಬೇಕು ಎಂದಾದರೆ, ಆ ಒಂದಕ್ಕೆ ಪುಟ್ಟ ಚಿಲ್ಲರ್ ಬೇರೆಯೇ ಇಡಿ. ಒಂದು ಯಂತ್ರಕ್ಕೋಸ್ಕರ ಇಡೀ ಕಾರ್ಖಾನೆಯನ್ನು 5 ಡಿಗ್ರಿಗೆ ಎಳೆಯುವುದು ದಿನದಿನವೂ ತೆರಬೇಕಾದ ದಂಡ.

ಹಂತ 2: ಶಾಖ ಅಳೆಯಿರಿ

ಒಂದು ಟನ್ ತಂಪು ಎಂದರೆ 3.517 ಕಿಲೋವ್ಯಾಟ್, ಅಥವಾ ಗಂಟೆಗೆ 3,024 ಕಿಲೋ ಕ್ಯಾಲೊರಿ ಶಾಖ ತೆಗೆಯುವ ಸಾಮರ್ಥ್ಯ. ಈಗಾಗಲೇ ನಡೆಯುತ್ತಿರುವ ಘಟಕದಲ್ಲಿ ಲೆಕ್ಕ ಸುಲಭ. ಗಂಟೆಗೆ ಎಷ್ಟು ಘನ ಮೀಟರ್ ನೀರು ಹರಿಯುತ್ತಿದೆ, ಒಳಹೋಗುವ ಮತ್ತು ಹೊರಬರುವ ನೀರಿನ ತಾಪಮಾನದ ವ್ಯತ್ಯಾಸ ಎಷ್ಟು, ಎರಡನ್ನೂ ಗುಣಿಸಿ 3.024ರಿಂದ ಭಾಗಿಸಿ. ಗಂಟೆಗೆ 10 ಘನ ಮೀಟರ್ ನೀರು 5 ಡಿಗ್ರಿ ಬಿಸಿಯಾಗಿ ವಾಪಸು ಬರುತ್ತಿದ್ದರೆ ಅದು ಸುಮಾರು 16.5 ಟನ್.

ಅಳತೆ ಮಾತ್ರ ನಿಜವಾದ ಅಳತೆಯಾಗಿರಲಿ. ಪಂಪಿನ ಫಲಕದ ಮೇಲೆ ಬರೆದ ಹರಿವನ್ನು ನಂಬುವ ಬದಲು ಪೈಪಿನ ಹೊರಗೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ತರಿಸಿ. ಎರಡು ಥರ್ಮಾಮೀಟರ್‌ಗಳನ್ನು ಒಂದೇ ಪಾತ್ರೆಯ ನೀರಿನಲ್ಲಿ ಅದ್ದಿ ಎರಡೂ ಒಂದೇ ಅಂಕಿ ತೋರುತ್ತವೆಯೇ ನೋಡಿಕೊಳ್ಳಿ. ವ್ಯತ್ಯಾಸವೇ 5 ಡಿಗ್ರಿ ಇರುವಲ್ಲಿ ಒಂದು ಡಿಗ್ರಿ ತಪ್ಪಿದರೂ ಲೆಕ್ಕ 20% ಕೆಡುತ್ತದೆ. ಉತ್ಪಾದನೆ ಪೂರ್ಣವಾಗಿ ನಡೆಯುವ ದಿನಗಳಲ್ಲಿ, ಸಾಧ್ಯವಾದರೆ ಬಿಸಿಲಿನ ಕಾಲದಲ್ಲಿ, ಒಂದು ವಾರವಾದರೂ ದಾಖಲಿಸಿ. ಹೊಸ ಘಟಕವಾದರೆ ಯಂತ್ರ ತಯಾರಕರು ಕೊಡುವ ಶಾಖದ ಅಂಕಿಗಳನ್ನು ಕೂಡಿಸಿ, ಅದಕ್ಕೆ ಪಂಪುಗಳ ಶಾಖವನ್ನೂ ಪೈಪುಗಳು ಹೊರಗಿನಿಂದ ಹೀರುವ ಶಾಖವನ್ನೂ ಸೇರಿಸಿ.

ಬಂದ ಮೊತ್ತದ ಮೇಲೆ 10–15% ಹೆಚ್ಚುವರಿ ಇಟ್ಟರೆ ಸಾಕು. ‘ಇರಲಿ ಬಿಡಿ’ ಎಂದು ದುಪ್ಪಟ್ಟು ಗಾತ್ರದ ಚಿಲ್ಲರ್ ತಂದರೆ ಅದು ಸದಾ ಅರ್ಧ ಲೋಡಿಗಿಂತ ಕೆಳಗೆ ಓಡುತ್ತದೆ. ಸಣ್ಣ ಯಂತ್ರಗಳಲ್ಲಿ ಕಂಪ್ರೆಸರ್ ಪದೇ ಪದೇ ಆರಿ ಹೊತ್ತಿ ಆಯುಸ್ಸು ಕಳೆದುಕೊಳ್ಳುತ್ತದೆ. ದೊಡ್ಡ ಸೆಂಟ್ರಿಫ್ಯೂಗಲ್ ಕಂಪ್ರೆಸರ್‌ನಲ್ಲಿ (ವೇಗವಾಗಿ ತಿರುಗುವ ಚಕ್ರದಿಂದ ಅನಿಲ ಒತ್ತುವ ಬಗೆ, ಹಂತ 4 ನೋಡಿ) ಅನಿಲ ಹಿಮ್ಮುಖವಾಗಿ ನುಗ್ಗುವ ‘ಸರ್ಜ್’ ಎಂಬ ತೊಂದರೆ ಕಾಣಿಸಿಕೊಳ್ಳುತ್ತದೆ.

ಲೋಡ್ ಏರುಪೇರಾಗುವ ಕಡೆ ಇನ್ನೊಂದು ದಾರಿಯಿದೆ. ರಾಸಾಯನಿಕ ಘಟಕದ ರಿಯಾಕ್ಟರ್ ಒಂದು ಗಂಟೆ 120 ಟನ್ ಕೇಳುತ್ತದೆ, ಮುಂದಿನ ಮೂರು ಗಂಟೆ 40 ಟನ್ ಸಾಕು, ಮತ್ತೆ ಅದೇ ಸುತ್ತು ಎಂದಿಟ್ಟುಕೊಳ್ಳಿ. ಸರಾಸರಿ 60 ಟನ್. ಆ ಒಂದು ಗಂಟೆಯಲ್ಲಿ ಕೊರತೆ ಬೀಳುವುದು 60 ಟನ್-ಗಂಟೆ, ಎಂದರೆ ಸುಮಾರು 1,81,000 ಕಿಲೋ ಕ್ಯಾಲೊರಿ. ನೀರು 6 ಡಿಗ್ರಿ ಬಿಸಿಯಾಗಲು ಬಿಡಬಹುದಾದರೆ ಇದಕ್ಕೆ ಸುಮಾರು 30,000 ಲೀಟರ್ ತಣ್ಣೀರಿನ ಟ್ಯಾಂಕ್ ಬೇಕು. ತಣ್ಣೀರೂ ಬಿಸಿನೀರೂ ಟ್ಯಾಂಕಿನಲ್ಲಿ ಸ್ವಲ್ಪ ಬೆರೆತೇ ಬೆರೆಯುವುದರಿಂದ ಇನ್ನಷ್ಟು ಜಾಗ ಸೇರಿಸಿಕೊಳ್ಳಿ. 120 ಟನ್‌ನ ಯಂತ್ರದ ಬದಲು 70 ಟನ್‌ನ ಯಂತ್ರ ಮತ್ತು ಒಂದು ಇನ್ಸುಲೇಟೆಡ್ ಟ್ಯಾಂಕ್. ಬ್ಯಾಚ್ ಪದ್ಧತಿಯ ಉತ್ಪಾದನೆಯಿರುವವರು ಈ ಲೆಕ್ಕ ಹಾಕದೆ ಮುಂದಕ್ಕೆ ಹೋಗಬಾರದು.

ಹಂತ 3: ಶಾಖವನ್ನು ಗಾಳಿಗೆ ಬಿಡಬೇಕೇ, ನೀರಿಗೆ ಬಿಡಬೇಕೇ?

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದು. ಏರ್-ಕೂಲ್ಡ್ ಚಿಲ್ಲರ್ ಫ್ಯಾನುಗಳ ಮೂಲಕ ನೇರವಾಗಿ ಗಾಳಿಗೆ ಶಾಖ ಬಿಡುತ್ತದೆ. ವಾಟರ್-ಕೂಲ್ಡ್ ಚಿಲ್ಲರ್ ಶಾಖವನ್ನು ಕಂಡೆನ್ಸರ್ (ಶೀತಕ ತನ್ನ ಶಾಖವನ್ನು ಹೊರಬಿಡುವ ಭಾಗ) ಮೂಲಕ ಹರಿಯುವ ನೀರಿಗೆ ಕೊಡುತ್ತದೆ, ಆ ನೀರು ಟವರ್‌ಗೆ ಹೋಗಿ ತಣ್ಣಗಾಗಿ ಬರುತ್ತದೆ.

ವಿದ್ಯುತ್ತಿನ ಮಟ್ಟಿಗೆ ವಾಟರ್-ಕೂಲ್ಡ್ ಮುಂದಿದೆ. ಪೂರ್ಣ ಲೋಡಿನಲ್ಲಿ ಏರ್-ಕೂಲ್ಡ್ ಯಂತ್ರ ಟನ್ನಿಗೆ ಸುಮಾರು 1.0ರಿಂದ 1.3 ಕಿಲೋವ್ಯಾಟ್ ಎಳೆಯುತ್ತದೆ, ವಾಟರ್-ಕೂಲ್ಡ್ 0.5ರಿಂದ 0.7. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೀರ್ಪು ಕೊಡುವುದು ಅನ್ಯಾಯ. ಏರ್-ಕೂಲ್ಡ್ ಅಂಕಿಯಲ್ಲಿ ಅದರ ಫ್ಯಾನುಗಳೂ ಸೇರಿವೆ. ವಾಟರ್-ಕೂಲ್ಡ್ ಅಂಕಿಯಲ್ಲಿ ಟವರ್ ಫ್ಯಾನೂ ಇಲ್ಲ, ಕಂಡೆನ್ಸರ್ ನೀರಿನ ಪಂಪೂ ಇಲ್ಲ. ಅವನ್ನೂ ಸೇರಿಸಿದ ಮೇಲೆ ಹೋಲಿಸಿ.

ಒಂದು ಲೆಕ್ಕ ನೋಡೋಣ. 100 ಟನ್ ಲೋಡ್, ವರ್ಷಕ್ಕೆ 6,000 ಗಂಟೆ ಓಟ. ಏರ್-ಕೂಲ್ಡ್ ಟನ್ನಿಗೆ 1.2 ಕಿಲೋವ್ಯಾಟ್, ವಾಟರ್-ಕೂಲ್ಡ್ ಪಂಪು ಟವರ್ ಎಲ್ಲ ಸೇರಿ 0.8. ವ್ಯತ್ಯಾಸ ವರ್ಷಕ್ಕೆ 2,40,000 ಯೂನಿಟ್. ಈಗ ನೀರಿನ ಕಡೆ ತಿರುಗಿ. 100 ಟನ್ ತಂಪಿನ ಶಾಖ ಮತ್ತು ಕಂಪ್ರೆಸರ್‌ನ ಶಾಖ ಎರಡೂ ಕೂಡಿ ಟವರ್ ಮೂಲಕ ಹೊರಹೋಗಲು ಗಂಟೆಗೆ 600 ಲೀಟರ್‌ನಷ್ಟು ನೀರು ಆವಿಯಾಗುತ್ತದೆ. ಉಪ್ಪಿನಂಶ ಗಟ್ಟಿಯಾಗದಂತೆ ಟವರ್‌ನಿಂದ ಹೊರಚೆಲ್ಲುವ ನೀರು ಇನ್ನೊಂದು 150 ಲೀಟರ್. ವರ್ಷಕ್ಕೆ 45 ಲಕ್ಷ ಲೀಟರ್. ಎಂದರೆ ಉಳಿತಾಯವಾಗುವ ಪ್ರತಿ ಯೂನಿಟ್ ವಿದ್ಯುತ್ತಿಗೆ ಸುಮಾರು 19 ಲೀಟರ್ ನೀರು ತೆರುತ್ತೀರಿ. ನಿಮ್ಮಲ್ಲಿ ಒಂದು ಯೂನಿಟ್ ವಿದ್ಯುತ್ತಿನ ದರ ಎಷ್ಟು, 19 ಲೀಟರ್ ಮೆದು ನೀರಿನ ಖರ್ಚು ಎಷ್ಟು ಎಂದು ಪಕ್ಕಪಕ್ಕದಲ್ಲಿ ಬರೆದರೆ ಉತ್ತರ ಅಲ್ಲೇ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಹೊರಗಿನಿಂದ ತರಿಸುವ ಪರಿಸ್ಥಿತಿಯಿದ್ದರೆ ಲೆಕ್ಕ ಪೂರ್ತಿ ತಿರುವು ಪಡೆಯಬಹುದು. ಬಿಸಿ ಅತಿ ಹೆಚ್ಚಿರುವ ತಿಂಗಳಲ್ಲೇ ಟವರ್ ಹೆಚ್ಚು ನೀರು ಕುಡಿಯುತ್ತದೆ ಎಂಬುದೂ ನೆನಪಿರಲಿ.

ವಾಟರ್-ಕೂಲ್ಡ್ ಆರಿಸಿದರೆ ನೀರಿನ ಶುದ್ಧೀಕರಣ ನಿಮ್ಮ ದಿನಚರಿಯ ಭಾಗವಾಗುತ್ತದೆ. ಗಡಸು ನೀರು ಕಂಡೆನ್ಸರ್ ಕೊಳವೆಗಳ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಪದರ ತೆಳುವಾಗಿದ್ದರೂ ಕಂಡೆನ್ಸರ್ ಒತ್ತಡ ಏರುತ್ತದೆ, ವಿದ್ಯುತ್ ಏರುತ್ತದೆ, ಕೊನೆಗೆ ಯಂತ್ರ ಟ್ರಿಪ್ ಆಗುತ್ತದೆ. ಟವರ್ ನೀರಿನಲ್ಲಿ ತೀವ್ರ ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ನೋಡಿಕೊಳ್ಳುವುದು ಸುತ್ತಲಿನವರ ಉಸಿರಿಗೆ ಸಂಬಂಧಿಸಿದ ವಿಷಯ, ಅದರಲ್ಲಿ ರಿಯಾಯಿತಿ ಇಲ್ಲ. ಇದನ್ನು ನೋಡಿಕೊಳ್ಳುವ ಒಬ್ಬ ಜವಾಬ್ದಾರಿಯುತ ವ್ಯಕ್ತಿಯೂ ಇಲ್ಲದ ಘಟಕಕ್ಕೆ ವಾಟರ್-ಕೂಲ್ಡ್ ಬೇಡ ಎಂದೇ ನನ್ನ ಸಲಹೆ, ವಿದ್ಯುತ್ ಎಷ್ಟೇ ಉಳಿಯಲಿ.

ಏರ್-ಕೂಲ್ಡ್‌ಗೆ ಬೇರೆ ಎಚ್ಚರ ಬೇಕು. ಹವಾಮಾನ ವರದಿಯಲ್ಲಿ 38 ಡಿಗ್ರಿ ಎಂದಿದ್ದ ದಿನ ಬಿಸಿಲಿಗೆ ಕಾದ ತಾರಸಿಯ ಮೇಲೆ, ಗೋಡೆಯ ಮೂಲೆಯಲ್ಲಿ, ಗಾಳಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಇರುತ್ತದೆ. ಚಿಲ್ಲರ್ ಬಿಟ್ಟ ಬಿಸಿ ಗಾಳಿಯನ್ನೇ ಚಿಲ್ಲರ್ ಮತ್ತೆ ಎಳೆದುಕೊಂಡರೆ ಇನ್ನೂ ಕಷ್ಟ. ತಯಾರಕರು ಹೇಳಿದಷ್ಟು ಜಾಗ ಸುತ್ತಲೂ ಬಿಡಿ, ಮೇಲೆ ಶೀಟು ಹೊದಿಸಬೇಡಿ. ಹತ್ತಿ, ಹಿಟ್ಟು, ಸಿಮೆಂಟಿನ ಧೂಳು ಹಾರುವ ಕಡೆ ಕಾಯಿಲ್ (ಗಾಳಿಗೆ ಶಾಖ ಬಿಡುವ ಕೊಳವೆ-ರೆಕ್ಕೆಗಳ ಜೋಡಣೆ) ಬೇಗ ಕಟ್ಟಿಕೊಳ್ಳುತ್ತದೆ. ಸಮುದ್ರದ ದಡದಲ್ಲಿ ಉಪ್ಪುಗಾಳಿಗೆ ಅಲ್ಯೂಮಿನಿಯಂ ರೆಕ್ಕೆಗಳು ಸವೆಯುತ್ತವೆ, ಅಲ್ಲಿ ಲೇಪನವಿರುವ ಕಾಯಿಲ್ ಕೇಳಿ ಪಡೆಯಿರಿ.

ಸಣ್ಣ ಲೋಡು, ನೀರಿನ ಕೊರತೆ, ಹೆಚ್ಚು ಸಿಬ್ಬಂದಿಯಿಲ್ಲದ ಜಾಗ ಎಂದಾದರೆ ಏರ್-ಕೂಲ್ಡ್. 150–200 ಟನ್ ದಾಟಿದ, ಹಗಲು ರಾತ್ರಿ ನಡೆಯುವ, ಒಳ್ಳೆಯ ನೀರಿರುವ ಘಟಕಕ್ಕೆ ವಾಟರ್-ಕೂಲ್ಡ್. ನಡುವಿನದ್ದಕ್ಕೆ ಮೇಲಿನ 19 ಲೀಟರ್ ಲೆಕ್ಕವನ್ನು ನಿಮ್ಮ ಅಂಕಿಗಳಲ್ಲಿ ಮತ್ತೆ ಹಾಕಿ.

ಹಂತ 4: ಕಂಪ್ರೆಸರ್

ಇದರ ಬಗ್ಗೆ ಚರ್ಚೆ ಬಹಳ ನಡೆಯುತ್ತದೆ, ಆದರೆ ಗಾತ್ರ ಗೊತ್ತಾದ ಮೇಲೆ ಆಯ್ಕೆ ಹೆಚ್ಚು ಉಳಿಯುವುದಿಲ್ಲ.

ಕೆಲವೇ ಟನ್‌ಗಳಿಂದ ಹಿಡಿದು 100–150 ಟನ್‌ವರೆಗೆ ಸ್ಕ್ರಾಲ್, ಎಂದರೆ ಎರಡು ಸುರುಳಿಗಳ ನಡುವೆ ಅನಿಲ ಒತ್ತುವ ಬಗೆ. ಒಂದೇ ಚಿಲ್ಲರ್‌ನಲ್ಲಿ ಹಲವು ಸ್ಕ್ರಾಲ್‌ಗಳಿರುತ್ತವೆ, ಲೋಡಿಗೆ ತಕ್ಕಂತೆ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಒಂದು ಕೆಟ್ಟರೂ, ಅದರ ಶೀತಕದ ಸರ್ಕ್ಯೂಟ್ ಬೇರೆಯಾಗಿದ್ದರೆ, ಉಳಿದವು ಓಡುತ್ತಿರುತ್ತವೆ. ಕೆಟ್ಟದ್ದನ್ನು ರಿಪೇರಿ ಮಾಡುವುದಿಲ್ಲ, ಬದಲಿಸುತ್ತಾರೆ.

ಸುಮಾರು 50ರಿಂದ 500 ಟನ್‌ವರೆಗೆ ಸ್ಕ್ರೂ, ಎಂದರೆ ತಿರುಗುವ ತಿರುಪಿನಿಂದ ಅನಿಲ ಒತ್ತುವ ಬಗೆ. ಕಾರ್ಖಾನೆಯ ಒರಟು ಬದುಕಿಗೆ ಹೊಂದುವ ಯಂತ್ರವಿದು. ಲೋಡ್ ಏರಿಳಿದರೂ, ಕಂಡೆನ್ಸರ್ ಬಿಸಿಯಾದರೂ, ಸೊನ್ನೆಗಿಂತ ಕೆಳಗಿನ ತಾಪಮಾನ ಕೇಳಿದರೂ ತಾಳಿಕೊಳ್ಳುತ್ತದೆ. ವೇಗ ಬದಲಿಸುವ ಡ್ರೈವ್ ಇರುವ ಸ್ಕ್ರೂ ಅರ್ಧ ಲೋಡಿನಲ್ಲಿ, ಸ್ಲೈಡ್ ವಾಲ್ವ್ (ಒತ್ತುವ ಅನಿಲದ ಪ್ರಮಾಣ ಹೊಂದಿಸುವ ಜಾರು ಕವಾಟ) ಮಾತ್ರ ಇರುವುದಕ್ಕಿಂತ ಬಹಳ ಕಡಿಮೆ ವಿದ್ಯುತ್ ತಿನ್ನುತ್ತದೆ.

ಅದಕ್ಕಿಂತ ದೊಡ್ಡದಕ್ಕೆ ಸೆಂಟ್ರಿಫ್ಯೂಗಲ್. ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ 1922ರಲ್ಲಿ ಪರಿಚಯಿಸಿದ ಈ ಬಗೆ ಇಂದಿಗೂ ದೊಡ್ಡ ವಾಟರ್-ಕೂಲ್ಡ್ ಘಟಕಗಳಲ್ಲಿ ಟನ್ನಿಗೆ ಅತಿ ಕಡಿಮೆ ವಿದ್ಯುತ್ ಬಳಸುವಂಥದ್ದು. ಸ್ಥಿರ ಲೋಡಿರಬೇಕು, ಕಂಡೆನ್ಸರ್ ನೀರು ತಣ್ಣಗಿರಬೇಕು. ಕಡಿಮೆ ಲೋಡು ಮತ್ತು ಬಿಸಿ ಕಂಡೆನ್ಸರ್ ಒಟ್ಟಿಗೆ ಬಂದರೆ ಸರ್ಜ್ ಆಗುತ್ತದೆ. ಕಾಂತೀಯ ಬೇರಿಂಗ್‌ಗಳ ಮೇಲೆ ತೇಲುತ್ತಾ ತಿರುಗುವ ಹೊಸ ಮಾದರಿಗಳಲ್ಲಿ ಎಣ್ಣೆಯೇ ಇಲ್ಲ, ಭಾಗಶಃ ಲೋಡಿನಲ್ಲಿ ಅವು ಚೆನ್ನಾಗಿ ನಡೆಯುತ್ತವೆ. ಕೊಳ್ಳುವಾಗ ದುಬಾರಿ, ಮತ್ತು ಅದರ ಎಲೆಕ್ಟ್ರಾನಿಕ್ಸ್ ಬಲ್ಲ ಸರ್ವಿಸ್ ತಂಡ ಹತ್ತಿರದಲ್ಲಿರಬೇಕು.

ಹಬೆ ಅಥವಾ ಬಿಸಿನೀರು ವ್ಯರ್ಥವಾಗುತ್ತಿದ್ದರೆ

ಕಂಪ್ರೆಸರ್ ಇಲ್ಲದೆ ಶಾಖದಿಂದಲೇ ನಡೆಯುವ ಅಬ್ಸಾರ್ಪ್ಷನ್ ಚಿಲ್ಲರ್ ಒಂದಿದೆ. ಲಿಥಿಯಂ ಬ್ರೋಮೈಡ್ ದ್ರಾವಣ ನೀರಾವಿಯನ್ನು ಹೀರುವ ಗುಣವೇ ಇದರ ಆಧಾರ. 85–95 ಡಿಗ್ರಿಯ ಬಿಸಿನೀರಿನಿಂದ ನಡೆಯುವ ಸಿಂಗಲ್ ಎಫೆಕ್ಟ್ (ಕೊಟ್ಟ ಶಾಖವನ್ನು ಒಂದೇ ಸಲ ಬಳಸುವ) ಮಾದರಿ, ಒಂದು ಪಾಲು ಶಾಖ ಕೊಟ್ಟರೆ ಸುಮಾರು 0.7 ಪಾಲು ತಂಪು ಕೊಡುತ್ತದೆ. ಹೆಚ್ಚು ಒತ್ತಡದ ಹಬೆ ಬಳಸುವ ಡಬಲ್ ಎಫೆಕ್ಟ್ (ಶಾಖವನ್ನು ಎರಡು ಸಲ ಬಳಸುವ ಮಾದರಿ) ಸುಮಾರು 1.2 ಪಾಲು.

ಜನರೇಟರ್‌ನ ಹೊಗೆ, ಬಾಯ್ಲರ್‌ನ ಹೆಚ್ಚುವರಿ ಹಬೆ, ಪ್ರಕ್ರಿಯೆಯಿಂದ ಹೊರಬೀಳುವ ಬಿಸಿನೀರು ನಿಮ್ಮಲ್ಲಿ ವರ್ಷವಿಡೀ ಇದ್ದರೆ ಇದು ಬಹಳ ಒಳ್ಳೆಯ ಯಂತ್ರ. ಆದರೆ ತಂಪಿಗೆಂದೇ ಹೊಸದಾಗಿ ಇಂಧನ ಸುಡುವ ಯೋಚನೆಯಿದ್ದರೆ ಲೆಕ್ಕ ಕೂಡುವುದು ಅಪರೂಪ. ಇಲ್ಲಿ ನೀರೇ ಶೀತಕವಾದ್ದರಿಂದ ಸುಮಾರು 5 ಡಿಗ್ರಿಗಿಂತ ಕೆಳಗೆ ಇಳಿಯಲಾಗದು. ಟವರ್ ಕೂಡ ದೊಡ್ಡದು ಬೇಕು: 100 ಟನ್‌ನ ವಿದ್ಯುತ್ ಚಿಲ್ಲರ್ ಟವರ್‌ಗೆ ಸುಮಾರು 120 ಟನ್‌ನಷ್ಟು ಶಾಖ ಬಿಟ್ಟರೆ, ಸಿಂಗಲ್ ಎಫೆಕ್ಟ್ ಯಂತ್ರ 240 ಟನ್‌ನಷ್ಟು ಬಿಡುತ್ತದೆ. ನೀರಿನ ಖರ್ಚೂ ಹಾಗೆಯೇ ಇಮ್ಮಡಿ.

ಸೊನ್ನೆಯ ಹತ್ತಿರ ಮತ್ತು ಅದರ ಕೆಳಗೆ

ನೀರು 5 ಡಿಗ್ರಿಗಿಂತ ತಣ್ಣಗೆ ಬೇಕೆಂದಾದರೆ ಬರಿಯ ನೀರು ಸಾಲದು. ಇವಾಪೊರೇಟರ್‌ನ (ಶೀತಕ ನೀರಿನ ಶಾಖ ಹೀರುವ ಭಾಗ) ಒಳಗಿನ ಶೀತಕ ಹೊರಬರುವ ನೀರಿಗಿಂತ ಹಲವು ಡಿಗ್ರಿ ತಣ್ಣಗಿರುವುದರಿಂದ ಕೊಳವೆಯೊಳಗೆ ಹಿಮ ಕಟ್ಟಿ ಒಡೆಯುವ ಅಪಾಯವಿದೆ. ತೂಕದಲ್ಲಿ 30% ಎಥಿಲೀನ್ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆಸಿದರೆ ಹೆಪ್ಪುಗಟ್ಟುವ ತಾಪಮಾನ ಸುಮಾರು −14 ಡಿಗ್ರಿಗೆ ಇಳಿಯುತ್ತದೆ. ಹಾಲು, ಪಾನೀಯ, ಔಷಧಿಗಳ ಬಳಿ ಪ್ರೊಪಿಲೀನ್ ಗ್ಲೈಕಾಲ್ ಮಾತ್ರ. ಎಥಿಲೀನ್ ಗ್ಲೈಕಾಲ್ ವಿಷ. ವಾಹನಗಳ ರೇಡಿಯೇಟರ್‌ಗೆ ಹಾಕುವ ದ್ರವವನ್ನು ಚಿಲ್ಲರ್‌ಗೆ ಸುರಿಯಬೇಡಿ, ಅದರಲ್ಲಿನ ಸಿಲಿಕೇಟ್ ಶಾಖ ವಿನಿಮಯದ ಮೇಲ್ಮೈಗಳ ಮೇಲೆ ಕೂರುತ್ತದೆ. ಗ್ಲೈಕಾಲ್ ಬೆರೆತ ನೀರು ಶಾಖ ಹೊರುವುದು ಕಡಿಮೆ, ಪಂಪಿಗೆ ಭಾರ ಹೆಚ್ಚು. ಹಾಗಾಗಿ ಬೇಕಾದಷ್ಟೇ ಬೆರೆಸಿ, ಮತ್ತು ಚಿಲ್ಲರ್ ಸಾಮರ್ಥ್ಯವನ್ನು ಆ ಮಿಶ್ರಣಕ್ಕೇ ಲೆಕ್ಕ ಹಾಕಿಸಿ.

ಹಂತ 5: ಶೀತಕ ಯಾವುದು?

ಇಂದು ಕೊಳ್ಳುವ ಯಂತ್ರಕ್ಕೆ ಹದಿನೈದು ವರ್ಷದ ನಂತರವೂ ಶೀತಕ ಸಿಗಬೇಕು. ಓಜೋನ್ ಪದರಕ್ಕೆ ಹಾನಿ ಮಾಡುವ ಆರ್-22 ಅನ್ನು 1987ರ ಮಾಂಟ್ರಿಯಲ್ ಒಪ್ಪಂದದಡಿ ಕೈಬಿಡಲಾಗುತ್ತಿದೆ. ಅದರ ಜಾಗಕ್ಕೆ ಬಂದ ಆರ್-134ಎ, ಆರ್-410ಎ ಓಜೋನ್‌ಗೆ ಹಾನಿಕರವಲ್ಲದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಕ್ರಮವಾಗಿ ಸುಮಾರು 1,430 ಮತ್ತು 2,088 ಪಟ್ಟು ಪ್ರಬಲ. 2016ರಲ್ಲಿ ಒಪ್ಪಿ 2019ರಿಂದ ಜಾರಿಗೆ ಬಂದ ಕಿಗಾಲಿ ತಿದ್ದುಪಡಿ ಇವುಗಳ ಬಳಕೆಯನ್ನೂ ಹಂತಹಂತವಾಗಿ ತಗ್ಗಿಸುತ್ತಿದೆ. ಆರ್-32 (675 ಪಟ್ಟು), ಆರ್-1234ಝಡ್ಇ (10ಕ್ಕಿಂತ ಕಡಿಮೆ) ಬಳಸುವ ಚಿಲ್ಲರ್‌ಗಳು ಈಗ ಸಿಗುತ್ತವೆ. ಎರಡಕ್ಕೂ ಅಲ್ಪ ಪ್ರಮಾಣದ ದಹನಗುಣ ಇರುವುದರಿಂದ ಯಂತ್ರದ ಕೋಣೆಯಲ್ಲಿ ಸೋರಿಕೆ ಪತ್ತೆ ಮತ್ತು ಗಾಳಿಯಾಟ ಬೇಕು. ದೊಡ್ಡ ಶೀತಲ ಘಟಕಗಳಲ್ಲಿ ಅಮೋನಿಯಾ ಇಂದಿಗೂ ಅತಿ ದಕ್ಷ ಶೀತಕ, ಭೂಮಿಯ ತಾಪದ ಮೇಲೆ ಅದರ ನೇರ ಪರಿಣಾಮ ಸೊನ್ನೆ. ಆದರೆ ಅದು ಉಸಿರಿಗೆ ವಿಷ, ತಾಮ್ರವನ್ನು ತಿನ್ನುತ್ತದೆ, ತರಬೇತಿ ಪಡೆದ ಸಿಬ್ಬಂದಿ ಕಡ್ಡಾಯ. ಜನವಸತಿಯ ನಡುವಿನ ಘಟಕಕ್ಕೆ ಅದನ್ನು ನಾನು ಹೇಳಲಾರೆ.

ಹಂತ 6: ಒಂದು ದೊಡ್ಡದೋ, ಎರಡು ಮೂರು ಸಣ್ಣವೋ?

ಚಿಲ್ಲರ್ ನಿಂತರೆ ಉತ್ಪಾದನೆ ನಿಲ್ಲುತ್ತದೆಯೇ? ಹೌದಾದರೆ ಒಂದೇ ಯಂತ್ರದ ಮೇಲೆ ಭಾರ ಹಾಕಬೇಡಿ. 200 ಟನ್ ಬೇಕಾದಲ್ಲಿ 100ರ ಮೂರು ಇಟ್ಟರೆ ಒಂದು ಸದಾ ಬದಲಿಗೆ ಸಿದ್ಧ. ರಾತ್ರಿ ಪಾಳಿಯಲ್ಲಿ ಲೋಡ್ ಬಹಳ ಇಳಿಯುವುದಾದರೆ ಎರಡು ದೊಡ್ಡದರ ಜೊತೆ ಒಂದು ಪುಟ್ಟದು ಚೆನ್ನಾಗಿ ಹೊಂದುತ್ತದೆ.

ವ್ಯವಸ್ಥೆಯಲ್ಲಿ ಒಟ್ಟು ನೀರು ಕಡಿಮೆಯಿದ್ದರೆ ತಾಪಮಾನ ಜಿಗಿದಾಡಿ ಕಂಪ್ರೆಸರ್ ಪದೇ ಪದೇ ಆರಿ ಹೊತ್ತುತ್ತದೆ. ಟನ್ನಿಗೆ ಸುಮಾರು 12 ಲೀಟರ್, ತಾಪಮಾನ ಬಿಗಿಯಾಗಿ ಕಾಯಬೇಕಾದ ಪ್ರಕ್ರಿಯೆಗಳಿಗೆ 25 ಲೀಟರ್‌ವರೆಗೆ ನೀರು ಸುತ್ತುತ್ತಿರುವಂತೆ ನೋಡಿಕೊಳ್ಳಿ. ಪೈಪುಗಳಲ್ಲಿ ಅಷ್ಟಿಲ್ಲದಿದ್ದರೆ ಬಫರ್ ಟ್ಯಾಂಕ್ ಸೇರಿಸಿ.

ಹಂತ 7: ಕೊಟೇಶನ್ ಓದುವ ಕ್ರಮ

ಮೊದಲು ಟನ್ನಿನ ಅಂಕಿ ಯಾವ ಪರಿಸ್ಥಿತಿಗೆ ಹೇಳಿದ್ದು ಎಂದು ಹುಡುಕಿ. ಎಸಿ ಮತ್ತು ಶೀತಲೀಕರಣ ಉದ್ಯಮದ ಅಮೆರಿಕದ ಸಂಘಟನೆ ಎಎಚ್‌ಆರ್‌ಐಯ 550/590 ಮಾನದಂಡದಲ್ಲಿ ಹೊರಬರುವ ನೀರು 6.7 ಡಿಗ್ರಿ, ಏರ್-ಕೂಲ್ಡ್‌ಗೆ ಹೊರಗಿನ ಗಾಳಿ 35 ಡಿಗ್ರಿ, ವಾಟರ್-ಕೂಲ್ಡ್‌ಗೆ ಕಂಡೆನ್ಸರ್‌ಗೆ ಬರುವ ನೀರು 29.4 ಡಿಗ್ರಿ. ನಿಮ್ಮ ತಾರಸಿಯಲ್ಲಿ 43 ಇದ್ದರೆ ‘100 ಟನ್’ ಎಂದು ಬರೆದ ಯಂತ್ರ ಅಲ್ಲಿ 100 ಕೊಡುವುದಿಲ್ಲ, ವಿದ್ಯುತ್ ಮಾತ್ರ ಹೆಚ್ಚು ಎಳೆಯುತ್ತದೆ. ನಿಮ್ಮ ತಾಪಮಾನಗಳಿಗೆ, ನಿಮ್ಮ ಗ್ಲೈಕಾಲ್ ಪ್ರಮಾಣಕ್ಕೆ ಹೊಸದಾಗಿ ಲೆಕ್ಕ ಹಾಕಿದ ಹಾಳೆ ಕೇಳಿ.

ಭಾಗಶಃ ಲೋಡಿನ ದಕ್ಷತೆಯನ್ನು ಐಪಿಎಲ್‌ವಿ ಎಂಬ ಒಂದೇ ಅಂಕಿಯಲ್ಲಿ ಕೊಡುವುದು ರೂಢಿ. ಅದರಲ್ಲಿ ಪೂರ್ಣ ಲೋಡಿಗೆ ಕೇವಲ 1% ತೂಕ, 75% ಲೋಡಿಗೆ 42%, 50% ಲೋಡಿಗೆ 45%, 25% ಲೋಡಿಗೆ 12%. ಕಟ್ಟಡಗಳ ಎಸಿಗೆ ಇದು ಸರಿ. ಹಗಲಿರುಳು 90% ಲೋಡಿನಲ್ಲಿ ನಡೆಯುವ ಕಾರ್ಖಾನೆ ಈ ಅಂಕಿ ನೋಡಿ ಕೊಂಡರೆ ತಪ್ಪು ಯಂತ್ರ ಮನೆಗೆ ಬರುತ್ತದೆ. ನಿಮ್ಮ ಒಂದು ವಾರದ ದಾಖಲೆಯಲ್ಲಿ ಯಾವ ಲೋಡು ಎಷ್ಟು ಗಂಟೆ ಇತ್ತು ಎಂಬುದನ್ನು ತಯಾರಕರಿಗೆ ಕೊಟ್ಟು, ಆ ಪ್ರತಿ ಹಂತಕ್ಕೂ ಕಿಲೋವ್ಯಾಟ್ ಬರೆಸಿಕೊಳ್ಳಿ. ಆಗ ಎರಡು ಕೊಟೇಶನ್‌ಗಳ ನಡುವಿನ ವರ್ಷದ ಯೂನಿಟ್ ವ್ಯತ್ಯಾಸ ಕೈಯಲ್ಲೇ ಕೂಡಿಸಬಹುದು.

ಖರೀದಿ ಆದೇಶದಲ್ಲಿ ಇವಿಷ್ಟು ಬರಹದಲ್ಲಿರಲಿ: ನಿಮ್ಮ ಪರಿಸ್ಥಿತಿಯಲ್ಲಿ ಖಾತರಿಯಾದ ಟನ್ ಮತ್ತು ಕಿಲೋವ್ಯಾಟ್, ಕಾರ್ಖಾನೆಯಲ್ಲಿ ಅಥವಾ ಅಳವಡಿಸಿದ ಮೇಲೆ ಮಾಡುವ ಪರೀಕ್ಷೆ, ಕೊರತೆ ಬಿದ್ದರೆ ಏನು ಪರಿಹಾರ, ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ, ಕೆಟ್ಟಾಗ ಎಷ್ಟು ಹೊತ್ತಿನಲ್ಲಿ ಜನ ಬರುತ್ತಾರೆ. ಹರಿವಿನ ಮೀಟರ್, ವಿದ್ಯುತ್ ಮೀಟರ್ ಮತ್ತು ಒಳ-ಹೊರ ನೀರಿನ ತಾಪಮಾನದ ಸೆನ್ಸರ್‌ಗಳನ್ನು ಚಿಲ್ಲರ್ ಜೊತೆಯಲ್ಲೇ ತರಿಸಿ, ಮೊದಲ ದಿನದ ಅಂಕಿಗಳನ್ನು ಲಾಗ್ ಪುಸ್ತಕದಲ್ಲಿ ಬರೆದಿಡಿ. ಮುಂದೆ ಕೊಳವೆ ಕಟ್ಟಿದೆಯೋ, ಶೀತಕ ಸೋರಿದೆಯೋ ಎಂದು ಅನುಮಾನ ಬಂದಾಗ ಹೋಲಿಸಿ ನೋಡಲು ಬೇಕಾಗುವುದು ಆ ಅಂಕಿಗಳೇ.